ಅಜ್ಜಿ ಹೊಲಿದಿಟ್ಟ ಧಾರಾವಾಹಿ: ಇದು ಯಾವ ವಾರಪತ್ರಿಕೆ, ಯಾವ ವರ್ಷದ್ದು?

ಅಟ್ಟದ_ಬೆಕ್ಕು
ಊರಿನ ಮನೆಗೆ ಹಂಚು ಬದಲಿಸಬೇಕು ಅಂತ ಅಟ್ಟ ಖಾಲಿ ಮಾಡ್ತಿದ್ವಿ. ತೂತು ಬಿದ್ದ ಹಂಡೆಯೊಳಗೆ ಒಂದು ಕಟ್ಟು ಸಿಕ್ತು. ವಾರಪತ್ರಿಕೆಯಿಂದ ಬಿಡಿಸಿದ ಧಾರಾವಾಹಿ ಪುಟಗಳು. ದಬ್ಬಣದಲ್ಲಿ ಹೊಲಿದು, ಮೈದಾ ಅಂಟಿನಲ್ಲಿ ಹಳೇ ಕ್ಯಾಲೆಂಡರಿನ ರಟ್ಟು ಹಚ್ಚಿದ್ದಾರೆ. ನಮ್ಮಜ್ಜಿಯ ಕೈಕೆಲಸ.

5ನೇ ಕಂತಿನಿಂದ 26ರ ತನಕ ಇದೆ. ಮೊದಲ ನಾಲ್ಕು ಇಲ್ಲ, ಕೊನೆಯದ್ದೂ ಇಲ್ಲ. ಅಂಚೆಲ್ಲ ಕತ್ತರಿಯಲ್ಲಿ ಒಪ್ಪ ಮಾಡಿರೋದ್ರಿಂದ ಪತ್ರಿಕೆ ಹೆಸರು, ದಿನಾಂಕ, ಪುಟಸಂಖ್ಯೆ ಎಲ್ಲ ಮಾಯ. ಶೀರ್ಷಿಕೆ ಇದ್ದ ಚಿತ್ರದ ಪಟ್ಟಿಯನ್ನೂ ಬೇರೆ ಯಾವುದಕ್ಕೋ ಕತ್ತರಿಸಿಕೊಂಡಿದ್ದಾರೆ. ಕಂತಿನ ನಂಬರ್ ಮಾತ್ರ ಅಜ್ಜಿಯ ನೀಲಿ ಇಂಕಿನಲ್ಲಿದೆ.

ಸುಮತಿ ಅಂತ ಒಬ್ಬ ಟೀಚರು, ಶ್ಯಾಮರಾಯ ಅಂತ ಒಬ್ಬ ವಕೀಲ. ಕಥೆ ಅಂಥಾ ಚೆನ್ನಾಗೇನೂ ಇಲ್ಲ, ಆದ್ರೂ ರಾತ್ರಿ ಒಂದೂವರೆ ತನಕ ಓದಿದೆ. 26ನೇ ಕಂತಿನ ಕೊನೇಲಿ ಸುಮತಿ ಬಸ್‌ಸ್ಟ್ಯಾಂಡಲ್ಲಿ ನಿಂತಿದ್ದಾಳೆ, ಶಿವಮೊಗ್ಗ ಬಸ್ಸು ಬಂತು, ಅದರಿಂದ ಇಳಿದವನನ್ನು ನೋಡಿ ಕೈಲಿದ್ದ ಕೊಡೆ ಬಿತ್ತು. "ಮುಂದಿನ ವಾರಕ್ಕೆ". ಇಳಿದಿದ್ದು ಯಾರು ಅಂತ ಗೊತ್ತಾಗದೆ ಮೂರು ದಿನದಿಂದ ಒದ್ದಾಡ್ತಿದೀನಿ. ಇದು ಯಾವ ಪತ್ರಿಕೆ, ಯಾವ ವರ್ಷ ಅಂತ ಕಂಡುಹಿಡಿಯೋದು ಹೇಗೆ?

ಸಿಟ್ಟಿನ_ಸಿಪಾಯಿ
ಸುಧಾ. ಇನ್ನೇನಿರುತ್ತೆ? ಕನ್ನಡದಲ್ಲಿ ವಾರಪತ್ರಿಕೆ ಅಂತ ಶುರುವಾಗಿದ್ದೇ ಸುಧಾದಿಂದ.

ಹುಬ್ಬಳ್ಳಿ_ಚುರುಮುರಿ
ಸಿಪಾಯಿ ಸಾಹೇಬ್ರ, ಸ್ವಲ್ಪ ನಿಲ್ರಿ. ಸುಧಾ ಹುಟ್ಟಿದ್ದು 1965ರ ಜನವರಿಯೊಳಗ. ನಮ್ಮ ಕರ್ಮವೀರ 1921ರಾಗ ಧಾರವಾಡದಾಗ ಶುರು ಆಗೇತಿ, ರಂಗನಾಥ ದಿವಾಕರರು ಕಟ್ಟಿದ್ದು. ಗಾಂಧಿ ಹೆಸರು ಹೇಳಿದ್ರ ಜೈಲು ಅನ್ನೋ ಕಾಲದಾಗ ವಾರಪತ್ರಿಕೆ ನಡಿಸ್ಯಾರ. ಬೆಂಗಳೂರಿನವರಿಗೆ ತುಂಗಭದ್ರಾ ದಾಟಿದ್ರ ಇತಿಹಾಸಾನ ಕಾಣಂಗಿಲ್ಲ.

ಸಿಟ್ಟಿನ_ಸಿಪಾಯಿ
ನಾನು ಹೇಳಿದ್ದು ಮನೆಮಂದಿ ಎಲ್ಲ ಓದೋ ಥರದ ವಾರಪತ್ರಿಕೆ. ಕಥೆ, ಅಡುಗೆ, ಸಿನಿಮಾ, ಮಕ್ಕಳ ಪುಟ, ವಾರಭವಿಷ್ಯ. ಚಳವಳಿ ಪತ್ರಿಕೆ ಬೇರೆ.

ಬಿಳಿಹಾಳೆ
ಅದೂ ಸುಧಾ ಮೊದಲಲ್ಲ. ಪ್ರಜಾಮತ ಮರೆತ್ರಾ? ಬಿ.ಎನ್. ಗುಪ್ತರು 1931ರಲ್ಲಿ ಶುರು ಮಾಡಿದ್ದು. ಸುಧಾ ಬರೋಕೆ ಮೂವತ್ತು ವರ್ಷ ಮೊದಲೇ ಬೆಂಗಳೂರಲ್ಲಿ ಓದ್ತಿದ್ರು. ನಮ್ಮ ತಾತ ಸಾಯೋವರೆಗೂ ಎಲ್ಲ ವಾರಪತ್ರಿಕೆಗೂ "ಪ್ರಜಾಮತ" ಅಂತಲೇ ಹೇಳ್ತಿದ್ರು. "ತರಂಗ ಅನ್ನೋ ಪ್ರಜಾಮತ ತಗೊಂಬಾ" ಅಂತ.

ಕುಂದಾಪ್ರದ_ಗಾಳಿ
ಹ್ಹಹ್ಹ, "ತರಂಗ ಅನ್ನೋ ಪ್ರಜಾಮತ"! ನಮ್ಮಲ್ಲಿ ಯಾರಾದ್ರೂ ಹಾಗೆ ಹೇಳಿದ್ರೆ ಗಡಿಪಾರು ಮಾಡ್ತಿದ್ರು ಮಾರಾಯ್ರೆ.

ಅಂದ ಹಾಗೆ ಪತ್ರಿಕೆ ಹುಟ್ಟಿದ ವಿಚಾರ ಬಂದದ್ದಕ್ಕೆ ಹೇಳ್ತೇನೆ. ಎಲ್ಲಕ್ಕಿಂತ ಮೊದಲ ಕನ್ನಡ ಪತ್ರಿಕೆ ನಮ್ಮ ಮಂಗಳೂರಿನದ್ದು. 1843, ಮೋಗ್ಲಿಂಗ್, ಮಂಗಳೂರು ಸಮಾಚಾರ. ಕಲ್ಲಚ್ಚಿನಲ್ಲಿ ಒತ್ತಿದ ವಾರಪತ್ರಿಕೆ.

ಬಿಳಿಹಾಳೆ
ವಾರಪತ್ರಿಕೆ ಅಲ್ಲ, ಪಾಕ್ಷಿಕ. ಹದಿನೈದು ದಿನಕ್ಕೊಮ್ಮೆ. ಮರುವರ್ಷವೇ ಬಳ್ಳಾರಿಗೆ ಹೋಗಿ "ಕನ್ನಡ ಸಮಾಚಾರ" ಆಯ್ತು. ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸೋದು ಅದರ ಮೊದಲ ಸಂಚಿಕೆ ನೆನಪಿಗೆ.

ಕುಂದಾಪ್ರದ_ಗಾಳಿ
ಆಯ್ತು, ಪಾಕ್ಷಿಕ. ಆದ್ರೂ ನಮ್ಮದೇ.

ಅಟ್ಟದ_ಬೆಕ್ಕು
ಎಲ್ಲರಿಗೂ ನಮಸ್ಕಾರ, ನನ್ನ ಸುಮತಿ ಇನ್ನೂ ಬಸ್‌ಸ್ಟ್ಯಾಂಡಲ್ಲೇ ಇದ್ದಾಳೆ.

ಮೊಳೆ_ಜೋಡಿಸುವವ
ಮುಂಭಾಗ ಬಿಡಿ, ಹಿಂಭಾಗ ನೋಡಿ. ನಾನು ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕಂಪೋಸಿಂಗ್ ಮಾಡಿದವನು. ಧಾರಾವಾಹಿ ಪುಟದ ಬೆನ್ನಿಗೆ ಬೇರೆ ಏನೋ ಅಚ್ಚಾಗಿರುತ್ತೆ. ನಿಮ್ಮಜ್ಜಿ ಕಥೆ ಉಳಿಸಿಕೊಳ್ಳೋಕೆ ಹೋಗಿ ಗೊತ್ತಿಲ್ಲದೇ ಆ ವಾರದ ಅರ್ಧ ಪತ್ರಿಕೆಯನ್ನೂ ಉಳಿಸಿದ್ದಾರೆ. ಬೆನ್ನಲ್ಲಿ ಏನೇನಿದೆ ಒಂದೊಂದಾಗಿ ಹೇಳಿ. ಜಾಹೀರಾತುಗಳ ವಿಳಾಸ ಮೊದಲು.

ಅಟ್ಟದ_ಬೆಕ್ಕು
ಇದು ತಲೆಗೆ ಹೊಳೆದೇ ಇರಲಿಲ್ಲ ಸರ್. ನೋಡಿದ್ದೆಲ್ಲ ಬರೀತೀನಿ:

7ರ ಹಿಂದೆ ಹಲಸಿನಕಾಯಿ ಹುಳಿಯ ಅರ್ಧ ವಿಧಾನ. "ಒಗ್ಗರಣೆಗೆ" ಅನ್ನೋ ಮಾತಿಗೆ ಕತ್ತರಿ ಬಿದ್ದಿದೆ. 9ರ ಹಿಂದೆ ಕೂದಲೆಣ್ಣೆ ಜಾಹೀರಾತು, ವಿಳಾಸದ ಕೊನೆಗೆ ಆರು ಅಂಕಿ ಇದೆ. 12ರಲ್ಲಿ "ಮೈಸೂರು ರಾಜ್ಯ" ಅಂತಿರೋ ಜಾಹೀರಾತು. 18ರಲ್ಲಿ ಕ್ರಿಕೆಟ್ ಫೋಟೊ: ಒಬ್ಬ ಭಾರೀ ಎತ್ತರದ ಬಿಳಿಯ ನಮ್ಮ ಆಟಗಾರನನ್ನು ತೊಟ್ಟಿಲ ಮಗು ಥರ ಎರಡೂ ಕೈಲಿ ಎತ್ತಿ ತೂಗ್ತಿದ್ದಾನೆ! 19ರಲ್ಲಿ ಯಾವುದೋ ಸರ್ಕಾರಿ ನಮೂನೆ, "1. ಪ್ರಕಟಣೆಯ ಸ್ಥಳ: ಬೆಂಗಳೂರು, 2. ಪ್ರಕಟಣೆಯ ಅವಧಿ: ವಾರಕ್ಕೊಮ್ಮೆ". ಅಲ್ಲಿಗೆ ಕತ್ತರಿ.

ಗೂಗ್ಲಿ_ಗುಂಡಣ್ಣ
ನಿಲ್ಲಿ ನಿಲ್ಲಿ ನಿಲ್ಲಿ. ತೊಟ್ಟಿಲ ಮಗು ಥರ ಎತ್ತಿರೋದಾ?! ಅದು ಟೋನಿ ಗ್ರೆಗ್, ಎತ್ತಿರೋದು ನಮ್ಮ ಭದ್ರಾವತಿ ವಿಶ್ವನಾಥ್! ಇಂಗ್ಲೆಂಡ್ ವಿರುದ್ಧ ಬಾಂಬೆ ಟೆಸ್ಟು, 1973ರ ಫೆಬ್ರವರಿ. ವಿಶಿ 113 ಹೊಡೆದ. ನೂರು ಆದಾಗ ಎದುರಾಳಿ ಗ್ರೆಗ್ ಬಂದು ಎತ್ತಿಕೊಂಡು ತೂಗಿದ. ಈಗಿನ ಕಾಲದಲ್ಲಿ ಹಾಗೆ ಮಾಡಿದ್ರೆ ಮ್ಯಾಚ್ ರೆಫರಿ ಕರೆಸ್ತಾನೆ.

ಗೂಗ್ಲಿ_ಗುಂಡಣ್ಣ
ಆ ಫೋಟೊ ಸ್ಕ್ಯಾನ್ ಮಾಡಿ ಹಾಕ್ತೀರಾ ದಯವಿಟ್ಟು? ಕಾದಂಬರಿ ನನಗೆ ಬೇಡ.

ಸಿಟ್ಟಿನ_ಸಿಪಾಯಿ
ಫೋಟೊ ನಂಬಬೇಡಿ. ಪತ್ರಿಕೆಯವರು ಹಳೇ ಫೋಟೊನ ವಿಶೇಷ ಲೇಖನಕ್ಕೆ ಹತ್ತು ವರ್ಷ ಬಿಟ್ಟೂ ಹಾಕ್ತಾರೆ.

ಮೊಳೆ_ಜೋಡಿಸುವವ
ಸಿಪಾಯಿಯವರು ಹೇಳೋದ್ರಲ್ಲಿ ಹುರುಳಿದೆ. ಅದಕ್ಕೇ ಒಂದನ್ನೇ ನಂಬಬಾರದು, ಜೋಡಿಸಬೇಕು.

ಆರು ಅಂಕಿ ಅಂದ್ರೆ ಪಿನ್ ಕೋಡ್. ಅದು ಜಾರಿಗೆ ಬಂದಿದ್ದು 1972ರ ಆಗಸ್ಟ್ 15. ಅಂದ್ರೆ 9ನೇ ಕಂತು ಅದಕ್ಕಿಂತ ಹಿಂದಿನದ್ದಾಗೋಕೆ ಸಾಧ್ಯವೇ ಇಲ್ಲ.

ಬಿಳಿಹಾಳೆ
"ಮೈಸೂರು ರಾಜ್ಯ" ಅಂತಿದೆಯಲ್ಲ, ಹಾಗಾದ್ರೆ 1973 ನವೆಂಬರ್ 1ಕ್ಕಿಂತ ಮುಂಚೆ. ಅವತ್ತೇ ತಾನೇ ಕರ್ನಾಟಕ ಅಂತ ಹೆಸರು ಬದಲಾಗಿದ್ದು. ಮುಗೀತು, 1972 ಆಗಸ್ಟಿಂದ 1973 ಅಕ್ಟೋಬರ್ ಒಳಗೆ.

ಮೊಳೆ_ಜೋಡಿಸುವವ
ಅಲ್ಲೇ ಎಡವೋದು. ಜಾಹೀರಾತು ಬರ್ತಿದ್ದಿದ್ದು ಬ್ಲಾಕಿನಲ್ಲಿ: ಮರದ ತುಂಡಿಗೆ ಮೊಳೆ ಹೊಡೆದ ಸತುವಿನ ತಗಡು. ಒಂದು ಬ್ಲಾಕ್ ಮಾಡಿಸಿದ್ರೆ ಸವೆಯೋವರೆಗೂ ಅದನ್ನೇ ಕಳಿಸೋರು. ರಾಜ್ಯದ ಹೆಸರು ಬದಲಾಗಿ ಎರಡು ವರ್ಷ ಆದ್ಮೇಲೂ "ಮೈಸೂರು ರಾಜ್ಯ" ಅಂತಿದ್ದ ಬ್ಲಾಕನ್ನ ನಾನೇ ಮೆಷಿನ್ನಿಗೆ ಏರಿಸಿದ್ದೀನಿ. ಪಿನ್ ಕೋಡ್ ಮುಂಚೆ ಬರೋಕಾಗಲ್ಲ, ಹಳೇ ಹೆಸರು ಆಮೇಲೂ ಬರಬಹುದು. ಜಾಹೀರಾತಿನಿಂದ ಒಂದು ಕಡೆಯ ಬೇಲಿ ಮಾತ್ರ ಸಿಗುತ್ತೆ.

ನನಗೆ ಬೇಕಿರೋದು 19ರ ಹಿಂದಿನ ಆ ನಮೂನೆ. ಅದು ಚಿನ್ನ. ಅದರ ಹೆಸರು ನಾಲ್ಕನೇ ನಮೂನೆ. ಪತ್ರಿಕೆಯ ಮಾಲೀಕರು, ಸಂಪಾದಕರು, ಮುದ್ರಕರು ಯಾರು ಅಂತ ಆಗ ಪ್ರತಿ ವರ್ಷ ಪ್ರಕಟಿಸಲೇಬೇಕಿದ್ದ ಹೇಳಿಕೆ. ಯಾವಾಗ? ಫೆಬ್ರವರಿ ಕೊನೇ ದಿನ ಕಳೆದ ಮೇಲಿನ ಮೊದಲ ಸಂಚಿಕೆಯಲ್ಲಿ. ಅಂದ್ರೆ 19ನೇ ಕಂತು ಬಂದಿದ್ದು ಮಾರ್ಚ್ ಮೊದಲ ವಾರ. ಅದರ ಹಿಂದಿನ ವಾರ, 18ರ ಬೆನ್ನಲ್ಲಿ, ವಿಶ್ವನಾಥ್ ಫೋಟೊ. ಫೆಬ್ರವರಿ ಎರಡನೇ ವಾರ ಮುಗಿದ ಟೆಸ್ಟಿನ ಫೋಟೊ ಫೆಬ್ರವರಿ ಕೊನೇ ವಾರದ ಪತ್ರಿಕೆಯಲ್ಲಿ. ವಾರಪತ್ರಿಕೆಗೆ ಅಷ್ಟು ಹಿಂದೆ ಬೀಳೋದು ಮಾಮೂಲು. ಈಗ ಹೇಳಿ ಸಿಪಾಯಿಯವರೇ.

ಸಿಟ್ಟಿನ_ಸಿಪಾಯಿ
ಒಪ್ಪಿದೆ. 1973. (ಇದು ನಾನು ಇಲ್ಲಿ ಮೊದಲ ಸಲ ಒಪ್ಪಿದ್ದು, ಯಾರಾದ್ರೂ ಬರೆದಿಟ್ಟುಕೊಳ್ಳಿ.)

ರಜನಿಗಂಧ
ಬಂದು ಓದಿ ಕೂತಲ್ಲೇ ಕೂತೆ. ನಮ್ಮಮ್ಮನ ಹತ್ರ ಇಂಥ ಹನ್ನೊಂದು ಕಟ್ಟು ಇದ್ವು. ನಮ್ಮ ವಠಾರದಲ್ಲಿ ಏಳು ಮನೆ, ಪತ್ರಿಕೆ ಒಂದೇ. ಮೊದಲು ದುಡ್ಡು ಕೊಟ್ಟವರ ಮನೆ, ಆಮೇಲೆ ಎದುರು ಮನೆ, ಹೀಗೆ ಸುತ್ತಿ ನಮಗೆ ಬರೋ ಹೊತ್ತಿಗೆ ಗುರುವಾರ. ಸಾರಿನ ಕಲೆ, ಮಗುವಿನ ಗೀಚು, ಪದಬಂಧ ಅರ್ಧ ತುಂಬಿರೋದು (ತಪ್ಪು ತಪ್ಪಾಗಿ!). ಕೊನೇ ಮನೆಯವರಿಗೆ ಹರಿಯೋ ಹಕ್ಕು. ಅಮ್ಮ ಹಟ ಮಾಡಿ ಕೊನೇ ಮನೆ ಆಗಿದ್ದು ಅದಕ್ಕೇ. ವಾರವೆಲ್ಲ ಕಾದ್ರೂ ಪರವಾಗಿಲ್ಲ, ಕಂತು ತನಗೆ ಉಳೀಬೇಕು.

ಇನ್ನೊಂದು ಮಾತು. ಆ ಧಾರಾವಾಹಿಗಳನ್ನ "ಅಡುಗೆಮನೆ ಸಾಹಿತ್ಯ" ಅಂತ ಆಡಿಕೊಂಡ ವಿಮರ್ಶಕರು ಎಷ್ಟೋ ಜನ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಅವರ ಓದು ಉಳಿದಿದ್ದು ಈ ಕಂತುಗಳಿಂದ. ಅನುಪಮಾ ನಿರಂಜನ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಇವರೆಲ್ಲ ನಮ್ಮ ಮನೇಲಿ ನೆಂಟರ ಹೆಸರಿನ ಥರ ಓಡಾಡ್ತಿದ್ವು.

ಹುಬ್ಬಳ್ಳಿ_ಚುರುಮುರಿ
ರಜನಿ ಅವರ, ಕೊನೀ ಮನಿಗೆ ಹರಿಯೋ ಹಕ್ಕು! ಇದನ್ನ ಎಲ್ಲಿ ಬೇಕಾದಲ್ಲಿ ಹೇಳ್ತೀನ್ರಿ ಇನ್ನ.

ಪೇಪರ್_ಹುಡುಗ
ನಮ್ಮಪ್ಪ ಮಲೆನಾಡಿನ ಒಂದು ಸಣ್ಣ ಊರಲ್ಲಿ ಏಜೆಂಟ್. ಬೆಳಗಿನ ಮೊದಲ ಬಸ್ಸಿನ ಮೇಲೆ ಬಂಡಲ್ ಬರೋದು. ಮಳೆಗಾಲದಲ್ಲಿ ಟಾರ್ಪಾಲ್ ಸರಿದ್ರೆ ಮೇಲಿನ ಎಂಟು ಹತ್ತು ಪ್ರತಿ ಒದ್ದೆ. ಅದನ್ನ ಒಲೆ ಮೇಲಿನ ಅಡಿಕೆ ಅಟ್ಟದಲ್ಲಿ ಒಣಗಿಸಿ ಕೊಡ್ತಿದ್ವಿ, ಹೊಗೆ ವಾಸನೆ ಹೊಡೆಯೋದು. ಒಬ್ಬ ಮೇಷ್ಟ್ರು ಮಾತ್ರ ಒದ್ದೆ ಪ್ರತಿ ತಗೋತಿರಲಿಲ್ಲ. ಉಳಿದವರಿಗೆ ಧಾರಾವಾಹಿ ಪುಟ ಒಣಗಿದ್ರೆ ಸಾಕು.

ಧಾರಾವಾಹಿ ಮುಗಿಯೋ ವಾರ ಅಪ್ಪ ಹತ್ತು ಪ್ರತಿ ಜಾಸ್ತಿ ತರಿಸೋರು. ಹೊಸದು ಶುರುವಾದ ಮೊದಲೆರಡು ವಾರ ಕಡಿಮೆ ಮಾಡೋರು. ಜನ ಹಿಡಿಸುತ್ತೋ ಇಲ್ವೋ ನೋಡೋಣ ಅಂತ ಪಕ್ಕದ ಮನೆಯದ್ದು ಓದ್ತಿದ್ರಲ್ಲ. ಅಟ್ಟದ ಬೆಕ್ಕಿನವರ ಅಜ್ಜಿ ಹತ್ರ ಮೊದಲ ನಾಲ್ಕು ಕಂತು ಇಲ್ಲದೇ ಇರೋದಕ್ಕೆ ಕಾರಣ ಅದೇ ಇರಬೇಕು. ಐದರಿಂದ ಕೊಂಡುಕೊಂಡಿದ್ದಾರೆ.

ಅಟ್ಟದ_ಬೆಕ್ಕು
ಅಯ್ಯೋ ಹೌದಲ್ವಾ! ಕಳೆದುಹೋಗಿದೆ ಅಂದ್ಕೊಂಡಿದ್ದೆ. ಅಮ್ಮನ್ನ ಕೇಳಿದೆ, ನಿಜ. ಮೊದಲು ಶಾನುಭೋಗರ ಮನೆಯಿಂದ ತರ್ತಿದ್ರಂತೆ, ಆಮೇಲೆ ಜಗಳ ಆಗಿ ತಾವೇ ತರಿಸೋಕೆ ಶುರು ಮಾಡಿದ್ರಂತೆ. ಜಗಳ ಏನಕ್ಕೆ ಅಂತ ಅಮ್ಮ ಹೇಳ್ತಿಲ್ಲ.

ಕುಂದಾಪ್ರದ_ಗಾಳಿ
ಪುಟ ಹರಿದದ್ದಕ್ಕೇ ಇರ್ತದೆ.

ಗೂಗ್ಲಿ_ಗುಂಡಣ್ಣ
ಫೋಟೊ?

ಬಿಳಿಹಾಳೆ
ವಿಷಯಾಂತರಕ್ಕೆ ಕ್ಷಮೆ. ಇಷ್ಟೆಲ್ಲ ಕಾದು ಓದ್ತಿದ್ದ ಜನ ಆಮೇಲೆ ಎಲ್ಲಿ ಹೋದ್ರು? ನನ್ನ ಪ್ರಕಾರ ಕೊಂದಿದ್ದು ಟಿ.ವಿ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂತು, ಭಾನುವಾರ ಬೆಳಗ್ಗೆ ಓದೋ ಹೊತ್ತು ಹೋಯ್ತು. 1994ರಲ್ಲಿ ಉದಯ ಟಿ.ವಿ. ಬಂತು, ಕನ್ನಡದಲ್ಲೇ ದಿನಾ ಧಾರಾವಾಹಿ. ಹೆಸರು ಕೂಡ ಅದೇ ನೋಡಿ, "ಧಾರಾವಾಹಿ". ಪದವನ್ನೇ ಕಿತ್ತುಕೊಂಡು ಹೋದ್ರು. ಈಗಿನ ಮಕ್ಕಳಿಗೆ ಧಾರಾವಾಹಿಯನ್ನ ಓದ್ತಾರೆ ಅಂದ್ರೆ ನಗ್ತಾರೆ.

ಸಿಟ್ಟಿನ_ಸಿಪಾಯಿ
ತಪ್ಪು. ಟಿ.ವಿ. ಮೇಲೆ ಹಾಕಿ ಕೈ ತೊಳ್ಕೋಬೇಡಿ. ಕೊಂದಿದ್ದು ದಿನಪತ್ರಿಕೆಗಳ ಭಾನುವಾರದ ಪುರವಣಿ. ಕಥೆ, ಕವನ, ಪ್ರಬಂಧ, ಸಿನಿಮಾ, ಅಡುಗೆ, ಭವಿಷ್ಯ ಎಲ್ಲ ಬಣ್ಣದಲ್ಲಿ, ಪೇಪರ್ ಜೊತೆಗೆ ಪುಕ್ಕಟೆ. ಆಮೇಲೆ ಯಾರು ಬೇರೆ ದುಡ್ಡು ಕೊಟ್ಟು ಅದನ್ನೇ ಕೊಳ್ತಾರೆ? ತಮಾಷೆ ಅಂದ್ರೆ ದಿನಪತ್ರಿಕೆನೂ ವಾರಪತ್ರಿಕೆನೂ ಒಂದೇ ಮನೆಯವರದ್ದು. ಪ್ರಜಾವಾಣಿ ಮತ್ತು ಸುಧಾ ಒಂದು ಬಳಗ, ಉದಯವಾಣಿ ಮತ್ತು ತರಂಗ ಇನ್ನೊಂದು. ಅಣ್ಣನ ತಟ್ಟೆಗೆ ಬಡಿಸಿ ತಮ್ಮನ್ನ ಉಪವಾಸ ಹಾಕಿದ್ರು.

ಹುಬ್ಬಳ್ಳಿ_ಚುರುಮುರಿ
ಇದು ಖರೇ ಮಾತು ನೋಡ್ರಿ.

ಕುಂದಾಪ್ರದ_ಗಾಳಿ
ಯಾರು ಸತ್ತದ್ದು? ಸುಧಾ, ತರಂಗ ಎರಡೂ ಈಗಲೂ ಉಂಟಲ್ಲ! ನನ್ನ ಅತ್ತೆಗೆ ಯುಗಾದಿ ವಿಶೇಷಾಂಕ ಬಾರದಿದ್ದರೆ ಬೇವುಬೆಲ್ಲ ಗಂಟಲಲ್ಲಿ ಇಳಿಯುವುದಿಲ್ಲ.

ತರಂಗ 1983ರಲ್ಲಿ ಸುರುವಾದಾಗ ನಾನು ಶಾಲೆ. ಸಂತೋಷಕುಮಾರ ಗುಲ್ವಾಡಿ ಸಂಪಾದಕರು. ಬೆಂಗಳೂರಿನಲ್ಲಿ ಕೂತವರಿಗೆ ಮಾತ್ರ ದೊಡ್ಡ ವಾರಪತ್ರಿಕೆ ಮಾಡಲಿಕ್ಕೆ ಆಗುವುದು ಅಂತ ಇತ್ತಲ್ಲ, ಅದನ್ನು ಮಣಿಪಾಲದಿಂದ ಮಾಡಿ ತೋರಿಸಿದರು. ಶಿವರಾಮ ಕಾರಂತರು ಮಕ್ಕಳ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದರು, "ಬಾಲವನದಲ್ಲಿ ಕಾರಂತಜ್ಜ". ನಾನೂ ಒಂದು ಕಾರ್ಡು ಹಾಕಿದ್ದೆ, ಹಲ್ಲಿಯ ಬಾಲ ತುಂಡಾದ ಮೇಲೂ ಯಾಕೆ ಕುಣಿಯುತ್ತದೆ ಅಂತ. ಉತ್ತರ ಬರಲಿಲ್ಲ. ಇವತ್ತಿಗೂ ಒಂದು ಸಣ್ಣ ಬೇಜಾರು.

ಬಿಳಿಹಾಳೆ
ಪ್ರಶ್ನೋತ್ತರ ಅಂದ್ರೆ ನಮಗೆ ಬೀchi. ಸುಧಾದಲ್ಲಿ "ನೀವು ಕೇಳಿದಿರಿ". ಪತ್ರಿಕೆ ಕೈಗೆ ಬಂದ ತಕ್ಷಣ ಮೊದಲು ತೆಗೀತಿದ್ದ ಪುಟ ಅದೇ.

ಪೇಪರ್_ಹುಡುಗ
ಎಲ್ಲರೂ ಬಣ್ಣದ ಮುಖಪುಟದ ಬಗ್ಗೆ ಮಾತಾಡ್ತಿದ್ದೀರಿ. ಅಪ್ಪನ ಅಂಗಡಿಯ ಲೆಕ್ಕ ಬದಲಾಯಿಸಿದ್ದು ಕಪ್ಪು ಬಿಳುಪಿನದ್ದು. 1980ರಲ್ಲಿ ಲಂಕೇಶ್ ಪತ್ರಿಕೆ ಬಂತು. ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಒಂದೇ ಒಂದು ಜಾಹೀರಾತು ತಗೊಳ್ಳದೆ, ಬರೀ ಓದುಗರ ಕಾಸಿನಲ್ಲಿ ವಾರಪತ್ರಿಕೆ ನಡೆಸ್ತೀನಿ ಅಂದಾಗ ಅಪ್ಪ "ಆರು ತಿಂಗಳು" ಅಂದ್ರು. ಅಪ್ಪನ ಲೆಕ್ಕ ತಪ್ಪಿದ್ದು ಅದೊಂದೇ ಸಲ. ಆಮೇಲೆ ಬಂಡಲ್ ಬಿಚ್ಚೋಕೆ ಮುಂಚೆ ಜನ ನಿಂತಿರೋರು. ಊರಿನ ರಾಜಕಾರಣಿ ಹೆಸರು ಬಂದ ವಾರ ಅವನ ಕಡೆಯವರೇ ಬಂದು ಎಲ್ಲ ಪ್ರತಿ ಕೊಂಡು ಹೋಗೋರು, ಯಾರೂ ಓದಬಾರದು ಅಂತ. ನಮಗೆ ಅದೂ ವ್ಯಾಪಾರವೇ.

ರಜನಿಗಂಧ
ಅದರಲ್ಲೂ ಧಾರಾವಾಹಿ ಇತ್ತು ಅನ್ನೋದು ಮರೀಬೇಡಿ. ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಮೊದಲು ಬಂದಿದ್ದು ಅಲ್ಲೇ, ಕಂತು ಕಂತಾಗಿ. ಬಾನು ಮುಷ್ತಾಕ್ ಕೂಡ ಆ ಪತ್ರಿಕೆಗೆ ವರದಿ ಮಾಡಿದವರು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅಮ್ಮ "ನಮ್ಮ ಪತ್ರಿಕೆ ಹುಡುಗಿ" ಅಂದ್ರು. ಅಮ್ಮನಿಗೂ ಅವರಿಗೂ ವಯಸ್ಸಿನಲ್ಲಿ ಏನು ಮಹಾ ವ್ಯತ್ಯಾಸ!

ಸಿಟ್ಟಿನ_ಸಿಪಾಯಿ
ಲಂಕೇಶ್ ಪತ್ರಿಕೆ ಒಳ್ಳೇದೇ, ಆದ್ರೆ ಅದರ ಬೆನ್ನಿಗೆ ಹುಟ್ಟಿದ ಟ್ಯಾಬ್ಲಾಯ್ಡ್‌ಗಳು ಮಾಡಿದ ಅವಾಂತರ ಹೇಳಿ. ಅರ್ಧ ಕೊಲೆ ಸುದ್ದಿ, ಅರ್ಧ ಬೆದರಿಕೆ.

ಮೊಳೆ_ಜೋಡಿಸುವವ
ಆ ಚರ್ಚೆಗೆ ಹೋದ್ರೆ ನಾಳೆ ಬೆಳಗಾಗುತ್ತೆ. ಬೆಕ್ಕಿನವರೇ, ಪತ್ರಿಕೆ ಯಾವುದು ಅಂತ ಇನ್ನೂ ಆಗಿಲ್ಲ. ಬೆಂಗಳೂರು, ವಾರಕ್ಕೊಮ್ಮೆ, 1973. ತರಂಗ, ಲಂಕೇಶ್ ಹುಟ್ಟಿಲ್ಲ. ಸುಧಾ ಅಥವಾ ಪ್ರಜಾಮತ ಅಂತ ನನ್ನ ಊಹೆ. ಪುಟದ ಬುಡ ನೋಡಿ. ಮುದ್ರಕರ ಹೆಸರು, ಊರು ಅಚ್ಚು ಹಾಕಲೇಬೇಕು ಅಂತ ಆಗ 1867ರ ಕಾನೂನಿತ್ತು. ಸಾಮಾನ್ಯವಾಗಿ ಕೊನೇ ಪುಟದ ತಳದಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರ. ಅಜ್ಜಿಯ ಕತ್ತರಿ ಎಲ್ಲಾದ್ರೂ ತಪ್ಪಿರಬಹುದು.

ಅಟ್ಟದ_ಬೆಕ್ಕು
ಭೂತಗನ್ನಡಿ ಹಿಡಿದು ಕೂತಿದ್ದೆ ಸರ್. ಅಜ್ಜಿಯ ಕತ್ತರಿ ಎಲ್ಲೂ ತಪ್ಪಿಲ್ಲ. ಆದ್ರೆ ರಟ್ಟಿಗೆ ಅಂಟಿಸಿದ್ದ 5ನೇ ಕಂತಿನ ಪುಟ ಹಬೆಗೆ ಹಿಡಿದು ಬಿಡಿಸಿದೆ. ಮಡಿಕೆಯೊಳಗೆ ಅರ್ಧ ಬೆರಳಷ್ಟು ಅಂಚು ಉಳಿದಿತ್ತು. ಅಲ್ಲಿ ಒಂದೇ ಅಕ್ಷರ ಇದೆ. "ಧಾ".

ಸಿಟ್ಟಿನ_ಸಿಪಾಯಿ
ಮೊದಲ ಉತ್ತರದಲ್ಲೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ಬಿಳಿಹಾಳೆ
"ಧಾರಾವಾಹಿ" ಅನ್ನೋ ಪದದ "ಧಾ" ಕೂಡ ಆಗಬಹುದು ಸಿಪಾಯಿಗಳೇ.

ಸಿಟ್ಟಿನ_ಸಿಪಾಯಿ
😑

ಅಟ್ಟದ_ಬೆಕ್ಕು
ಎರಡು ವಾರ ಆದ್ಮೇಲೆ ಬರ್ತಿದೀನಿ. ಒಂದು ಹಳೇ ಗ್ರಂಥಾಲಯಕ್ಕೆ ಹೋಗಿದ್ದೆ. 1973ರ ಸುಧಾ ಬೈಂಡ್ ಮಾಡಿಟ್ಟಿದ್ದಾರೆ, ಜನವರಿಯಿಂದ ಜೂನ್ ಒಂದು ಸಂಪುಟ. ಬಿಚ್ಚಿದ್ರೆ ಧೂಳಿಗೆ ಸೀನು ನಿಲ್ಲಲಿಲ್ಲ. ಮಾರ್ಚ್ ಮೊದಲ ವಾರಕ್ಕೆ ಹೋದೆ, ನಾಲ್ಕನೇ ನಮೂನೆ ಇದೆ! ಪುಟ ತಿರುಗಿಸಿದೆ, ಸುಮತಿ ಇದ್ದಾಳೆ! ಅಲ್ಲೇ ಕಿರುಚಿಬಿಟ್ಟೆ, ಪಕ್ಕದಲ್ಲಿ ಕೆ.ಎ.ಎಸ್. ಪರೀಕ್ಷೆಗೆ ಓದ್ತಿದ್ದ ಹುಡುಗ ಪೆನ್ನು ಬೀಳಿಸಿದ. ಅಲ್ಲಿಂದ ವಾರ ಎಣಿಸಿಕೊಂಡು ಹೋದೆ. 26ನೇ ಕಂತು ಏಪ್ರಿಲ್ ಕೊನೇಲಿ ಸಿಕ್ತು, ಕೊಡೆ ಬಿತ್ತು, ಮುಂದಿನ ವಾರಕ್ಕೆ. ಮುಂದಿನ ಸಂಚಿಕೆ ತೆಗೆದೆ.

ಯಾರೋ ಬ್ಲೇಡಲ್ಲಿ ಕುಯ್ದಿದ್ದಾರೆ. ನಾಲ್ಕು ಪುಟ. ನೇರವಾಗಿ, ಒಪ್ಪವಾಗಿ, ಹೊಲಿಗೆಯ ಪಕ್ಕದಲ್ಲೇ.

ಹುಬ್ಬಳ್ಳಿ_ಚುರುಮುರಿ
ಅಯ್ಯಯ್ಯಯ್ಯೋ.

ಕುಂದಾಪ್ರದ_ಗಾಳಿ
ಒಪ್ಪವಾಗಿ ಅಂದ್ರಾ? ನಿಮ್ಮಜ್ಜಿ ಆ ಗ್ರಂಥಾಲಯಕ್ಕೆ ಹೋಗ್ತಿದ್ದರಾ?

ಅಟ್ಟದ_ಬೆಕ್ಕು
ಅಮ್ಮನ್ನ ಕೇಳೋಕೆ ಧೈರ್ಯ ಇಲ್ಲ.

ಗೂಗ್ಲಿ_ಗುಂಡಣ್ಣ
ಹೋಗಲಿ, ಆ ಸಂಪುಟದಲ್ಲಿ ವಿಶಿ ಫೋಟೊ ಪೂರ್ತಿ ಇತ್ತಾ?

ರಜನಿಗಂಧ
ಬೆಕ್ಕಿನವರೇ, ಒಂದು ನಿಮಿಷ. ಅಮ್ಮನ ಹನ್ನೊಂದು ಕಟ್ಟು ಅಂದಿದ್ದೆನಲ್ಲ, ಈಗ ಆರು ಉಳಿದಿವೆ. ಮಂಚದ ಕೆಳಗಿಂದ ಎಳೆದು ನೋಡ್ತಾ ಇದೀನಿ. ಮೂರನೇದರಲ್ಲಿ ಸುಮತಿ ಅಂತ ಒಬ್ಬಳಿದ್ದಾಳೆ, ಮೊದಲ ಪುಟದಲ್ಲೇ ಕೊಡೆ ಬಗ್ಗಿ ಎತ್ತಿಕೊಳ್ತಿದ್ದಾಳೆ. ಹಿಂದೆ ಅಕ್ಕಿ ರೊಟ್ಟಿ ವಿಧಾನ ಇದೆ. ಇದೇನಾ?

ಅಟ್ಟದ_ಬೆಕ್ಕು
ಇದೇ ಇದೇ ಇದೇ! ಇಳಿದಿದ್ದು ಯಾರು?

ರಜನಿಗಂಧ
ಅಮ್ಮ ಓದ್ತಿದ್ದಾರೆ. ಕೈಗೆ ಕೊಡ್ತಿಲ್ಲ.